ಹಸಿರು ಗುರುತಿಲ್ಲದ ಹಾಳೆ

ನಮ್ಮ ಕ್ಲಿನಿಕ್ಕಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಡಾಕ್ಟರಿಂದ ಹಿಡಿದು ರೋಗಿಗಳವರೆಗೆ ಎಲ್ಲರಿಗೂ ಫೈಲಕ್ಕ. ಇಪ್ಪತ್ತೆರಡು ವರ್ಷದಿಂದ ಚೀಟಿ ಬರೆದು, ಫೋನೆತ್ತಿ, ಫೈಲು ಜೋಡಿಸಿದವಳು. ಪಕ್ಕದ ಕಿಟಕಿಯಲ್ಲಿ ಮಾತ್ರೆ ಕೊಡುವ ಕಂಪೌಂಡರ್ ನಾನು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವಳದೋ ತಣ್ಣಗಿನ ಜೀವ.

ಲ್ಯಾಬಿನಿಂದ ಬಂದ ವರದಿಯನ್ನು ಡಾಕ್ಟರು ನೋಡಿ ಹಸಿರು ಶಾಯಿಯಲ್ಲಿ ಗುರುತು ಹಾಕಬೇಕು. ಆಮೇಲೆಯೇ ಅದು ಫೈಲಿಗೆ. ತೊಂದರೆ ಕಂಡರೆ ಫೈಲಕ್ಕ ಮನೆಗೆ ಫೋನ್ ಮಾಡುತ್ತಾಳೆ. "ಫೋನ್ ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ತಿಳ್ಕೊಳ್ಳಿ, ಆರಾಮಾಗಿರಿ" ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದವಳೂ ಅವಳೇ.

ಈಚೆಗೆ ಅವಳಿಗೇನಾಯಿತೋ, ಏನೂ ತೊಂದರೆಯಿಲ್ಲದವರಿಗೂ ಫೋನ್ ಮಾಡತೊಡಗಿದಳು. ಬೀಗ ಹಾಕುವ ಹೊತ್ತಿಗೆ ಮತ್ತೆ ಒಳಹೋಗಿ ಫೈಲುಗಳನ್ನೆಲ್ಲ ಮಗುಚಿ ನೋಡುವಳು. ಒಂದು ದಿನ ಫೋನ್ ರಿಂಗೇ ಆಗಿಲ್ಲ, ಎತ್ತಿ "ಹಲೋ, ಮೇಷ್ಟ್ರೇ?" ಅಂದಳು.

"ಅಕ್ಕಾ, ನಿಂಗೇನು ದೆವ್ವ ಹಿಡಿದಿದ್ಯಾ?" ಎಂದು ರೇಗಿದೆ. ಅವಳು ಡ್ರಾಯರಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು.

ಸುಸ್ತು ಅಂತ ಒಮ್ಮೆ ಬಂದು ರಕ್ತ ಕೊಟ್ಟು ಹೋಗಿದ್ದ ಮೇಷ್ಟ್ರೊಬ್ಬರು ಐದು ತಿಂಗಳಿಗೆ ತೀರಿಕೊಂಡಿದ್ದರು. ತೀರಿಕೊಂಡವರ ಫೈಲನ್ನು ಕೆಳಗಿನ ಕಪಾಟಿಗೆ ಹಾಕುವುದು ನಮ್ಮ ಪದ್ಧತಿ. ಹಾಗೆ ಎತ್ತಿಡುವಾಗ ಅವಳಿಗೆ ಸಿಕ್ಕ ಹಾಳೆ ಅದು. ಅಂಕಿಗಳ ಸುತ್ತ ಲ್ಯಾಬಿನವರೇ ಕೆಂಪು ಗೆರೆ ಎಳೆದಿದ್ದರು. ಹಸಿರು ಗುರುತು ಮಾತ್ರ ಇರಲಿಲ್ಲ. ಡಾಕ್ಟರು ನೋಡೇ ಇರಲಿಲ್ಲ.

"ಅವತ್ತು ಒಂದೇ ಸಮ ಫೋನ್ ಬಡ್ಕೊಳ್ತಿತ್ತು ಕಣೋ. ಒಂದು ಕೈಯಲ್ಲಿ ಅದನ್ನ ಹಿಡ್ಕೊಂಡು, ಇನ್ನೊಂದು ಕೈಯಲ್ಲಿ ಇದನ್ನ ಹಾಗೇ ಫೈಲಿಗೆ ತುರುಕಿಬಿಟ್ಟೆ."

ನನ್ನ ಬಾಯಿಂದ ಬಂದದ್ದು ಹೇಡಿಯ ಮಾತು: "ಹರಿದು ಹಾಕು ಅಕ್ಕಾ. ಯಾರಿಗೂ ಗೊತ್ತಾಗಲ್ಲ. ಗೊತ್ತಾದ್ರೆ ಕೆಲಸ ಹೋಗುತ್ತೆ." ಅವಳು ಹರಿಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಮರುವಾರ ಮೇಷ್ಟ್ರ ಹೆಂಡತಿಯೇ ಬಂದರು, ತಲೆಸುತ್ತು ಎಂದು. ರಕ್ತ ಕೊಟ್ಟು, ಹೊರಡುವ ಮುಂಚೆ ಕೌಂಟರಿಗೆ ಕೈಯೂರಿ ಕೇಳಿದರು: "ಏನಾದ್ರೂ ಇದ್ರೆ ನೀವೇ ಫೋನ್ ಮಾಡ್ತೀರಲ್ವೇನಮ್ಮಾ?"

ನಾನು ಕಣ್ಣಲ್ಲೇ ಬೇಡ ಬೇಡ ಎಂದೆ. ಫೈಲಕ್ಕ ಡ್ರಾಯರ್ ಎಳೆದಳು.

"ಅಮ್ಮಾ, ಇದು ನಿಮ್ಮ ಯಜಮಾನ್ರದ್ದು. ಡಾಕ್ಟ್ರಿಗೆ ತೋರಿಸ್ದೆ ಫೈಲಿಗೆ ಹಾಕಿದ್ದು ನಾನೇ. ನಿಮ್ಮನೆಗೆ ಫೋನ್ ಮಾಡ್ಬೇಕಾಗಿತ್ತು. ಮಾಡ್ಲಿಲ್ಲ."

ಆಕೆ ಕನ್ನಡಕ ಹಾಕಿಕೊಂಡು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕೆನ್ನೆಗೆ ಎರಡು ಬಾರಿಸಿದ್ದರೂ ಚೆನ್ನಾಗಿತ್ತು.

"ಒಂದ್ಸಲ ಹೋಗಿ ಕೇಳ್ಕೊಂಡು ಬರೋಣ ಅಂತ ನಾನು ಅಂದೆ," ಎಂದರು ಆಕೆ. "ಅವರೇ ಬೇಡ ಅಂದ್ರು. ಫೈಲಕ್ಕ ಮರೆಯೋಳಲ್ಲ ಅಂದ್ರು."