ಅಕ್ಕೂರಿನ ಹುಳದ ಮನೆಯಲ್ಲಿ ನಾಲ್ಕು ಕ್ರೆಡಿಟ್

ಬಾಗಿಲಲ್ಲೇ ನನ್ನನ್ನು ಮೂಸಿ ನೋಡಿದರು. ಹೆಗಲ ಚೀಲ ಇನ್ನೂ ಇಳಿಸಿರಲಿಲ್ಲ, ಮನೆಯೊಡತಿ ಪುಟ್ಟತಾಯಮ್ಮ ನನ್ನ ಕೊರಳ ಹತ್ತಿರ ಮೂಗು ತಂದು ಎರಡು ಸಲ ಉಸಿರೆಳೆದರು.

“ಏನ್ ಮಗ, ಗಮ್ ಅಂತೈತಲ್ಲ, ಸೆಂಟಾ?”

“ಪೌಡರ್ ರೀ.”

“ತೊಳ್ಕೊಂಡು ಬಾ. ಹುಳಕ್ಕೆ ಆಗಾಕಿಲ್ಲ.”

ಕಲಬುರಗಿ ಕಡೆಯ ನಮ್ಮೂರಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು ಕೊಡುತ್ತೇವೆ. ಚನ್ನಪಟ್ಟಣ ತಾಲ್ಲೂಕಿನ ಈ ಅಕ್ಕೂರಿನಲ್ಲೂ ನೀರು ಕೊಟ್ಟರು, ಮುಖ ತೊಳೆಯಲಿಕ್ಕೆ! ಅಂದೇ ಗೊತ್ತಾಯಿತು, ಈ ಮನೆಯ ನಿಜವಾದ ಯಜಮಾನರು ರೇಷ್ಮೆಹುಳುಗಳು. ಗಾಳಿ ಬೆಳಕಿನ ದೊಡ್ಡ ಕೋಣೆ ಅವುಗಳದು, ಅದಕ್ಕೆ ಹುಳದ ಮನೆ ಎಂದೇ ಹೆಸರು. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿ ತಂಪು ಮಾಡಿರುತ್ತಾರೆ. ಮನುಷ್ಯರು ನಾವು ನಡುಮನೆಯಲ್ಲಿ ಸೆಖೆಗೆ ಹೊರಳಾಡುತ್ತೇವೆ.

ನಾನು ಬಂದದ್ದು ಪರಿಸರ ವಿಜ್ಞಾನದ ಎಂ.ಎಸ್ಸಿ.ಯ ಇಂಟರ್ನ್‌ಶಿಪ್ಪಿಗೆ. ಎರಡು ತಿಂಗಳು ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿ ವರದಿ ಕೊಟ್ಟರೆ ನಾಲ್ಕು ಕ್ರೆಡಿಟ್. ಅದಿಲ್ಲದೆ ಪದವಿ ಇಲ್ಲ. ಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಗಾಳಿಯಲ್ಲಿ ಅದು ಹಿಪ್ಪುನೇರಳೆ ತೋಟದೊಳಕ್ಕೆ ಎಷ್ಟು ದೂರ ಬರುತ್ತದೆ ಎಂಬುದು ನನ್ನ ವಿಷಯ. ಹನಿ ತಾಕಿದರೆ ನೀಲಿ ಚುಕ್ಕಿ ಮೂಡುವ ಹಳದಿ ಕಾಗದಗಳನ್ನು ಪುಟ್ಟತಾಯಮ್ಮನವರ ತೋಟದಲ್ಲಿ ಸಾಲುಸಾಲಾಗಿ ಕಟ್ಟುತ್ತಿದ್ದೆ. ಬದುವಿನ ಆಚೆ ಬೋರಣ್ಣನವರ ಟೊಮೇಟೊ ಹೊಲ.

ಮೊದಲ ವಾರವೆಲ್ಲ ಊರು ನೆನೆದು ಅತ್ತೆ. ಹಸಿವೆಗೂ ಅತ್ತೆ. ಜೋಳದ ರೊಟ್ಟಿಯನ್ನು ಟಕಟಕ ಮುರಿದು ತಿನ್ನುವ ಹಲ್ಲಿಗೆ ರಾಗಿಮುದ್ದೆ ಸಿಕ್ಕಿತು. “ಅಗೀಬ್ಯಾಡ ಕಣವ್ವ, ನುಂಗು” ಎಂದು ಪುಟ್ಟತಾಯಮ್ಮ ತಾವೇ ನುಂಗಿ ತೋರಿಸುತ್ತಿದ್ದರು. ಹತ್ತನೆಯ ದಿನ ಒಂದಿಡೀ ಮುದ್ದೆ ಇಳಿಸಿದಾಗ ಪದಕ ಗೆದ್ದವಳ ಹಾಗೆ ಅವ್ವನಿಗೆ ಫೋನು ಮಾಡಿದೆ.

ಆದರೆ ಹುಳುಗಳು! ನಾಲ್ಕು ಸಲ ಪೊರೆ ಬಿಡುತ್ತವೆ. ಪೊರೆ ಬಿಡುವ ಹೊತ್ತನ್ನು ಇಲ್ಲಿ ಜ್ವರ ಎನ್ನುತ್ತಾರೆ. ಆಗ ಊಟವಿಲ್ಲ, ಅಲುಗಾಟವಿಲ್ಲ, ಸಾವಿರಾರು ಹುಳು ತಲೆಯೆತ್ತಿ ಹಾಗೇ ನಿಲ್ಲುತ್ತವೆ. ಮನೆಯವರೂ ಪಿಸುಮಾತಿಗೆ ಇಳಿಯುತ್ತಾರೆ. ನಾಲ್ಕನೆಯ ಜ್ವರ ಕಳೆದು ಎದ್ದವೆಂದರೆ ಬೆರಳುದ್ದ ಆಗುವವರೆಗೆ ಹಗಲಿರುಳು ತಿನ್ನುವುದೇ ತಿನ್ನುವುದು. ಕೋಣೆಯ ಹೊರಗೇ ಆ ಸದ್ದು ಕೇಳಿಸುತ್ತದೆ, ನಮ್ಮವ್ವ ಮೊರದಲ್ಲಿ ಜೋಳ ಕೇರಿದಂತೆ. ಎಷ್ಟೋ ಮಧ್ಯಾಹ್ನ ಕೆಲಸ ಬಿಟ್ಟು ಅದನ್ನೇ ಕೇಳುತ್ತ ಕೂತಿದ್ದೇನೆ. ನನಗೆ ಯಾವ ಪಾಠದಲ್ಲೂ ಇಷ್ಟು ಬೆರಗು ಆಗಿರಲಿಲ್ಲ.

ಗೂಡು ಕಟ್ಟಲು ಮೂರು ದಿನವಿದ್ದಾಗ ಆ ತಪ್ಪು ನಡೆಯಿತು. ಬೆಳಿಗ್ಗೆ ಕಾಗದ ಕಟ್ಟುತ್ತಿದ್ದೆ. ಬೋರಣ್ಣ ಬದುವಿನ ಮೇಲೆ ನಿಂತು ಕೂಗಿದರು.

“ಔಷ್ದಿ ಹೊಡೀತಿವ್ನಿ ಕಣವ್ವ. ಬದೀನ ಸೊಪ್ಪು ಮುಟ್ಬ್ಯಾಡಿ ಅಂತ ಪುಟ್ಟತಾಯಕ್ಕಂಗೆ ಹೇಳ್ಬುಡು.”

“ಹೂಂ ರೀ” ಎಂದೆ. ಪುಸ್ತಕ ತೆರೆದು ಗಂಟೆ, ಗಾಳಿಯ ದಿಕ್ಕು, ಔಷಧಿಯ ಹೆಸರು ಎಲ್ಲ ಅಚ್ಚುಕಟ್ಟಾಗಿ ಬರೆದುಕೊಂಡೆ. ಸ್ವಲ್ಪ ಹೊತ್ತಿಗೆ ನಾಲ್ಕನೆಯ ಸಾಲಿನವರೆಗೂ ನೀಲಿ ಚುಕ್ಕಿಗಳು ಮೂಡಿದವು. ಖುಷಿಗೆ ಕುಣಿಯುವುದೊಂದು ಬಾಕಿ! ಕಾಗದ ಬಿಚ್ಚಿಕೊಂಡು, ಫೋಟೊ ತೆಗೆದು ಮಾರ್ಗದರ್ಶಕರಿಗೆ ಕಳಿಸಲು ರಾಮನಗರದ ಬಸ್ಸು ಹತ್ತಿದೆ. ಅಕ್ಕೂರಿನಲ್ಲಿ ನೆಟ್‌ವರ್ಕ್ ಕೈಕೊಟ್ಟಿತ್ತು. ಪುಟ್ಟತಾಯಮ್ಮನಿಗೆ ಹೇಳುವುದು ಮರೆತೇ ಹೋಯಿತು.

ಸಂಜೆ ಬಂದಾಗ ಹುಳದ ಮನೆಯಲ್ಲಿ ಆ ಸದ್ದು ಕಡಿಮೆಯಾಗಿತ್ತು. ಆರು ಸ್ಟ್ಯಾಂಡುಗಳಲ್ಲಿ ಒಂದರ ತಟ್ಟೆಗಳಲ್ಲಿ ಹುಳುಗಳು ತಲೆ ಕೊಡವುತ್ತ, ಹಸಿರು ನೀರು ಕಕ್ಕುತ್ತ ಒದ್ದಾಡುತ್ತಿದ್ದವು. ಮಧ್ಯಾಹ್ನ ಬದುವಿನ ಕಡೆಯಿಂದ ಕೊಯ್ದ ಸೊಪ್ಪು ಆ ಒಂದು ಸ್ಟ್ಯಾಂಡಿಗೆ ಬಿದ್ದಿತ್ತು. ಉಳಿದ ಐದೂ ಹೋಗುತ್ತವೋ ಏನೋ ಎಂದು ಪುಟ್ಟತಾಯಮ್ಮ ಒಂದೊಂದೇ ತಟ್ಟೆ ಎಳೆದು ನೋಡಿದರು. ಸೀದಾ ಬದುವಿಗೆ ಹೋದರು. ನಾನೂ ಹಿಂದೆಯೇ ಓಡಿದೆ.

“ಏನ್ಲಾ ಬೋರ, ಒಂದು ಮಾತು ಹೇಳಾಕಾಗ್ನಿಲ್ವಾ ನಿಂಗೆ? ಇಷ್ಟು ವರ್ಷದಲ್ಲಿ ಹಿಂಗ್ ಮಾಡಿದ್ಯೇನ್ಲಾ?”

ಬೋರಣ್ಣ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

“ಮರ್ತ್ಬುಟ್ಟೆ ಕಣಕ್ಕ” ಎಂದರು.

ಎಲ್ಲಿಯದೋ ಊರಿನ ಹುಡುಗಿಯೊಬ್ಬಳ ಮಾನ ಉಳಿಸಲು ಆ ಮನುಷ್ಯ ತನ್ನ ಇಷ್ಟು ವರ್ಷದ ನಂಬಿಕೆಯನ್ನೇ ಬಿಟ್ಟುಕೊಟ್ಟಿದ್ದರು. ಒಂದು ಕ್ಷಣ, ಸುಳ್ಳು ಯಾಕೆ ಹೇಳಲಿ, ಸುಮ್ಮನಿದ್ದುಬಿಡೋಣ ಅನ್ನಿಸಿತು. ಈ ಮನೆಯಿಂದ ಹೊರಬಿದ್ದರೆ ಕ್ರೆಡಿಟ್ಟಿನ ಗತಿ ಏನು? ಆದರೆ ಪುಟ್ಟತಾಯಮ್ಮ ಬೋರಣ್ಣನವರಿಗೆ ಬೆನ್ನು ತಿರುಗಿಸಿದ್ದನ್ನು ನೋಡಲಾಗಲಿಲ್ಲ.

“ಇಲ್ರೀ ಅಮ್ಮಾ, ಅವರು ಹೇಳ್ಯಾರ. ನಾನೇ ನಿಮಗ ಹೇಳಿಲ್ಲ. ಬರಕೊಂಡೀನಿ ನೋಡ್ರಿ” ಎಂದು ಪುಸ್ತಕ ಚಾಚಿದೆ. ಎಂಥ ಪೆದ್ದಿ ನಾನು, ಆಗಲೂ ಪುಸ್ತಕವನ್ನೇ ಚಾಚಿದೆ.

ಅವರು ಅದನ್ನು ಮುಟ್ಟಲಿಲ್ಲ. “ಪುಸ್ತಕಕ್ಕೆ ಹೇಳ್ದೆ. ನಂಗೆ ಹೇಳ್ನಿಲ್ಲ” ಎಂದಷ್ಟೇ ಹೇಳಿ, ಬೋರಣ್ಣನ ಕಡೆ ತಿರುಗಿ, “ನೀನೂ ಸರ್ಯಾಗಿದ್ದೀಯ ಕಣ್ಲಾ” ಎಂದು ಕಣ್ಣೊರೆಸಿಕೊಂಡರು.

ಸತ್ತ ಹುಳುಗಳನ್ನು ಹೂಳಲು ಗುಂಡಿ ತೋಡಿದವಳು ನಾನು. ಆಮೇಲೆ ಎರಡು ದಿನ ಹುಳದ ಮನೆಗೆ ನನ್ನನ್ನು ಬಿಡಲಿಲ್ಲ. ಮುದ್ದೆ ಮಾತ್ರ ಹೊತ್ತಿಗೆ ಸರಿಯಾಗಿ ತಟ್ಟೆಗೆ ಬೀಳುತ್ತಿತ್ತು. ಬೈದಿದ್ದರೆ ವಾಸಿಯಿತ್ತು.

ಮೂರನೆಯ ಬೆಳಿಗ್ಗೆ ಕೂಗಿದರು. “ಹುಳ ಹಣ್ಣಾಗವೆ. ಕೈ ತೊಳ್ಕೊಂಡು ಬಾ ಮಗ.” ಐದು ಸ್ಟ್ಯಾಂಡುಗಳೂ ಉಳಿದಿದ್ದವು! ಹಣ್ಣಾಗುವುದೆಂದರೆ ತಿನ್ನುವುದು ನಿಲ್ಲಿಸಿ ಮೈಯೆಲ್ಲ ಹಳದಿಯಾಗಿ ತಿಳಿಯಾಗುವುದು. ಆಗ ಒಂದೊಂದನ್ನೇ ಆರಿಸಿ ಚಂದ್ರಿಕೆ ಎಂಬ ಬಿದಿರಿನ ಚಾಪೆಯ ಮೇಲೆ ಗೂಡು ಕಟ್ಟಲು ಬಿಡಬೇಕು. ಬೋರಣ್ಣನವರ ಮನೆಯವರೂ ಬಂದಿದ್ದರು. ನಾನು ಆರಿಸಿದ ಹುಳುವೊಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಈಚೆಯಿಂದ ಆಚೆಗೆ ಬೆಳಕು ಹಾಯುತ್ತಿತ್ತು. ನೋಡುತ್ತಿದ್ದಂತೆ ಅದು ತಲೆ ಆಡಿಸಿ, ನನ್ನ ಎರಡು ಬೆರಳುಗಳ ನಡುವೆ ಒಂದು ಎಳೆ ಹಾಕಿತು. ನನ್ನ ಕೈಯನ್ನೂ ಗೂಡು ಕಟ್ಟುವ ಜಾಗ ಎಂದು ನಂಬಿದ ಆ ಜೀವಕ್ಕೆ ಏನು ಹೇಳಲಿ?

ಆ ದಿನದ ತಪ್ಪನ್ನು ವರದಿಯಲ್ಲಿ ಬರೆದಿದ್ದೇನೆ. ಬೇಡ ತೆಗೆ, ಅಂಕ ಹೋದೀತು ಎಂದರು ಮಾರ್ಗದರ್ಶಕರು. ತೆಗೆಯಲಿಲ್ಲ.

ಹೊರಡಲು ಇನ್ನು ನಾಲ್ಕು ದಿನ. ಹುಳದ ಮನೆಯಲ್ಲಿ ಈಗ ಮುಂದಿನ ಬೆಳೆಯ ಹುಳುಗಳಿವೆ. ನಿನ್ನೆ ಅಪ್ಪ ಫೋನು ಮಾಡಿದ್ದರು.

“ತೊಗರಿಗಿ ಎಣ್ಣಿ ಹೊಡಿಲಕತ್ತೀನಿ ನೋಡವ್ವ, ಕಾಯಿಹುಳ ಬಿದ್ದಾವ.”

ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣಿ ಅನ್ನುತ್ತೇವಷ್ಟೆ. ನನ್ನ ಓದಿನ ಖರ್ಚೆಲ್ಲ ಆ ತೊಗರಿಯದೇ. ಹುಳ ಸಾಯಲಿ ಎಂದು ಚಿಕ್ಕಂದಿನಿಂದ ಬೇಡಿಕೊಂಡವಳು ನಾನು. ಆದರೆ ಬಾಯಿಂದ ಬಂದ ಮಾತೇ ಬೇರೆ.

“ಗಾಳಿ ಯಾವ ಕಡಿ ಅದ ಅಪ್ಪಾ?”

“ತೆಂಕಣಕ್ಕ ಅದ. ಯಾಕ?”

ತೆಂಕಣಕ್ಕೆಂದರೆ ದಕ್ಷಿಣಕ್ಕೆ, ನಮ್ಮ ಅಕ್ಕೂರಿನ ಕಡೆಗೆ. ನಡುವೆ ಆರುನೂರು ಕಿಲೋಮೀಟರ್ ಇದೆಯೆಂದು ಗೊತ್ತಿದ್ದೂ, ಫೋನು ಕಿವಿಗೆ ಹಿಡಿದೇ ಎದ್ದು ಹೋಗಿ ಹುಳದ ಮನೆಯ ಕಿಟಕಿ ಮುಚ್ಚಿದೆ.