ಡ್ರಿಲ್ ಮಾಸ್ತರರು ಮತ್ತು ನನ್ನ ಸ್ಪಾರ್ಟಾ

ನಮ್ಮ ಸಾಲಿಯ ಡ್ರಿಲ್ ಮಾಸ್ತರರ ಎರಡೂ ಮೀನಖಂಡಗಳ ಮೇಲೆ, ಮೊಣಕಾಲಿನಿಂದ ಹಿಮ್ಮಡದವರೆಗೆ, ಸುರುಳಿ ಸುರುಳಿಯಾಗಿ ಬಿಳಿಚಿದ ಗೆರೆಗಳಿದ್ದವು. ದಿನಾ ಮುಂಜಾನೆ ಖಾಕಿ ಪಟ್ಟಿ ಬಿಗಿದು ಸುತ್ತಿ, ಸಂಜೆಗೆ ಬಿಚ್ಚಿ, ಹೀಗೇ ಇಪ್ಪತ್ತೈದು ವರ್ಷ ನಡೆಸಿದ್ದಕ್ಕೆ ಬಿದ್ದ ಗೆರೆ. ರವಿವಾರ ಧೋತರ ಮೇಲೆತ್ತಿ ಕಟ್ಟಿ ಪೇಟೆಗೆ ಬಂದಾಗ ಅವು ಕಾಣುತ್ತಿದ್ದವು. ಆ ಕಾಲುಗಳಿಗೆ ಸೂಟಿ ಅನ್ನುವುದೇ ಇರಲಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ಅವರು ಸಿಪಾಯಿಯಾಗಿ ಇರಾಕಿನ ಬಸ್ರಾದ ಕಡೆ ಹೋಗಿ ಬಂದವರು. ಬಂದ ಮೇಲೆ ಧಾರವಾಡದ ನಮ್ಮ ಹೈಸ್ಕೂಲಿನಲ್ಲಿ ಹುಡುಗರಿಗೆ ಕವಾಯತು ಕಲಿಸುವ ನೌಕರಿ ಸಿಕ್ಕಿತು. ಮದಿಹಾಳದ ಕಡೆ ಎರಡು ಖೋಲಿಯ ಮನೆ, ಹೆಂಡತಿ, ಒಬ್ಬನೇ ಮಗ. ಮನೆಯಲ್ಲಿ ಮರಾಠಿ, ಹೊರಗೆ ಅಪ್ಪಟ ನಮ್ಮ ಕಡೆಯ ಕನ್ನಡ. ಯುದ್ಧದ ಸುದ್ದಿ ಮಾತ್ರ ಎರಡೂ ಭಾಷೆಯಲ್ಲಿ ಎತ್ತುತ್ತಿರಲಿಲ್ಲ. ಡ್ರಿಲ್ಲಿಗೆ ಮೊದಲು ಪ್ರತಿಯೊಬ್ಬ ಹುಡುಗನೂ ಬೇವಿನ ಗಿಡದ ಕೆಳಗಿನ ಹಂಡೆಯಿಂದ ಒಂದು ಚರಿಗೆ ನೀರು ಕುಡಿಯಲೇಬೇಕು. "ಮೊದಲ ನೀರು, ಆಮ್ಯಾಲೆ ಶಿಸ್ತು" ಅನ್ನುತ್ತಿದ್ದರು. ಬಿಸಿಲಿಗೆ ಯಾವನಾದರೂ ತಲೆಸುತ್ತಿ ಬಿದ್ದರೆ ಬೈಯುತ್ತಿರಲಿಲ್ಲ, ತಾವೇ ಎತ್ತಿಕೊಂಡು ನೆರಳಿಗೆ ಒಯ್ಯುತ್ತಿದ್ದರು.

ನಾನು ಆಗ ಇಪ್ಪತ್ತೈದರವ. ಬಿ.ಎ. ಮುಗಿಸಿ ಅದೇ ಸಾಲಿಗೆ ಇತಿಹಾಸ ಕಲಿಸಲಿಕ್ಕೆ ಸೇರಿದ್ದೆ. ಎರಡನೆಯ ಯುದ್ಧ ಸುರುವಾಗಿ ಎರಡು ವರ್ಷವಾಗುತ್ತ ಬಂದಿತ್ತು. ಅಡಕಿ ಕತ್ತರಿಸುವಾಗ ಬೆರಳು ಕೊಯ್ದುಕೊಂಡರೆ ಕಣ್ಣು ಮುಚ್ಚುವ ಪೈಕಿ ನಾನು. ಆದರೆ ಕ್ಲಾಸಿನಲ್ಲಿ ಗ್ರೀಕರ ಪಾಠ ಬಂತೆಂದರೆ ನನ್ನಂಥ ಶೂರ ಇಲ್ಲ. ಸ್ಪಾರ್ಟಾ ಅಂದರೆ ನನಗೆ ಹುಚ್ಚು. ಏಳು ವರ್ಷಕ್ಕೆ ಗಂಡುಮಗುವನ್ನು ತಾಯಿಯ ಕಡೆಯಿಂದ ಕಸಿದುಕೊಂಡು ಒಯ್ಯುವುದು, ಒಂದೇ ಅರಿವೆಯಲ್ಲಿ ವರ್ಷ ಕಳೆಯಿಸುವುದು, ಹಸಿವೆ ತಡೆಯಲಿಕ್ಕೆ ಕಲಿಸುವುದು, ಇದನ್ನೆಲ್ಲ ಡಸ್ಟರನ್ನೇ ಢಾಲು ಮಾಡಿ ಹಿಡಿದು, ರೂಲುಕಟ್ಟಿಗೆಯನ್ನೇ ಈಟಿ ಮಾಡಿ ಕುಣಿಕುಣಿದು ಹೇಳುತ್ತಿದ್ದೆ. ಮಾಸ್ತರರು ಹೊರಗೆ ಪಡಸಾಲೆಯಲ್ಲಿ ಕಿಟಕಿಯ ಹತ್ತಿರ ನಿಂತು ಕೇಳುತ್ತಿದ್ದದ್ದು ನನಗೆ ಗೊತ್ತಿತ್ತು. ಗೊತ್ತಿದ್ದೇ ಇನ್ನಷ್ಟು ಉಬ್ಬುತ್ತಿದ್ದೆ.

ಒಂದು ದಿನ ಪಾಠ ಮುಗಿಸಿ ಹೊರಗೆ ಬಂದಾಗ ಕೇಳಿದರು. "ಸರ, ಒಂದು ಕೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಮಂದಿಗೆ ನೀರು ಯಾರು ತಂದು ಕೊಡ್ತಿದ್ರು?"

"ಗುಲಾಮರಿದ್ದರಲ್ರಿ ಮಾಸ್ತರ. ಒಬ್ಬೊಬ್ಬ ಯೋಧನ ಹಿಂದ ಎಷ್ಟೋ ಮಂದಿ ಇರತಿದ್ದರು."

"ಹಂಗಾರ ಅವರು ಸಿಪಾಯಿಗಳಲ್ಲ ಬಿಡ್ರಿ, ಸಾಹೇಬ್ರು" ಅಂದು ಸೀಟಿ ಊದುತ್ತ ಬಯಲಿಗೆ ಹೋದರು.

ನನಗೆ ಸಿಟ್ಟು ಬಂತು. ನಾಲ್ಕನೆಯ ಇಯತ್ತೆ ದಾಟದ ಮನುಷ್ಯ ನನ್ನ ಸ್ಪಾರ್ಟಾವನ್ನು ಒಂದೇ ಮಾತಿನಲ್ಲಿ ಮೂಲೆಗೆ ಕೂಡಿಸಿಬಿಟ್ಟಿದ್ದ.

ಮರುವಾರ ಒಬ್ಬ ಹುಡುಗ ಎದ್ದು ನಿಂತು, ಸ್ಪಾರ್ಟಾದವರೂ ಈಗಿನ ಸಿಪಾಯಿಗಳೂ ಎದುರುಬದುರಾದರೆ ಯಾರು ಗೆಲ್ಲುತ್ತಾರೆ ಎಂದು ಕೇಳಿದ. ಸೇಡು ತೀರಿಸಿಕೊಳ್ಳಲಿಕ್ಕೆ ಇದೇ ಹೊತ್ತು ಅಂದುಕೊಂಡು ಮಾಸ್ತರರನ್ನು ಒಳಗೆ ಕರೆದೆ. ಅವರು ಬಾಗಿಲಲ್ಲೇ ನಿಂತರು. ಮೂರನೆಯ ಬೆಂಚಿನಲ್ಲಿ ಅವರ ಮಗ ಕೂತಿದ್ದ. ಮೀಸೆಯ ಸುಳಿವಿಲ್ಲದ, ಎಲ್ಲರಿಗಿಂತ ಗಿಡ್ಡ ಹುಡುಗ. ಅಪ್ಪ ಕ್ಲಾಸಿಗೆ ಬಂದದ್ದಕ್ಕೆ ತಲೆ ಕೆಳಗೆ ಹಾಕಿದ್ದ.

"ಈಗಿನವ್ರ ಗೆಲ್ತಾರ" ಅಂದರು ಮಾಸ್ತರರು. "ಎರಡು ಮೈಲು ಹಿಂದ ಕುಂತು ತೋಫು ಹಾರಿಸಿ ಗೆಲ್ತಾರ. ಆ ಕಾಲದಾಗ ನಿನ್ನ ಕೊಲ್ಲಾಂವ ನಿನ್ನ ಮಾರಿ ನೋಡ್ತಿದ್ದ. ನಾ ಬಸ್ರಾದ ಕಡೆ ಎರಡು ವರ್ಷ ಇದ್ದೆ. ವೈರಿ ಅಂಬಾಂವನ ಮಾರಿ ಒಮ್ಮೆ ನೋಡೇನಿ. ಅಂವ ಸತ್ತು ಬಿದ್ದಿದ್ದ. ನನಗಿಂತ ಸಣ್ಣಾಂವ ಇದ್ದ. ನಮ್ಮ ಕಡೆ ಗುಂಡಿಗೆ ಸತ್ತವ್ರಿಗಿಂತ ಭೇದಿ ಹತ್ತಿ ಸತ್ತವ್ರ ಭಾಳ. ಅದನ್ನ ಯಾ ಪುಸ್ತಕದಾಗೂ ಹಾಕೂದಿಲ್ಲ."

ಹುಡುಗರೆಲ್ಲ ಅವರ ಕಡೆಗೇ ತಿರುಗಿದ್ದರು. ನನ್ನ ಪಾಠ ನನ್ನ ಕೈಯಿಂದ ಜಾರುತ್ತಿದೆ ಅನಿಸಿತು. "ಆಯುಧ ಬದಲಾಗಬಹುದು, ಗಂಡೆದೆ ಬದಲಾಗೂದಿಲ್ಲ" ಎಂದು ಟೇಬಲ್ ಗುದ್ದಿದೆ. ಮಗನ ಕೈಗೆ ಢಾಲು ಕೊಟ್ಟು, ಇದನ್ನು ಹಿಡಿದುಕೊಂಡು ಬಾ, ಇಲ್ಲವೇ ಇದರ ಮೇಲೆ ಹೆಣವಾಗಿ ಬಾ ಎಂದು ಕಳಿಸುವ ಸ್ಪಾರ್ಟಾದ ತಾಯಿಯ ಕಥೆ ಎತ್ತಿಕೊಂಡೆ. ಅಂಥ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಕೇಳಿದೆ. ಹುಡುಗರು ಚಪ್ಪಾಳೆ ಹೊಡೆದರು. ಮೂರನೆಯ ಬೆಂಚಿನ ಹುಡುಗನೂ ತಲೆಯೆತ್ತಿ ಹೊಡೆದ. ಮಾಸ್ತರರು ನನಗೊಂದು ಸಲಾಮು ಮಾಡಿ ಹೋದರು. ಗೆದ್ದೆ ಅಂತ ನಾನು ಆ ದಿನ ಎರಡು ಕಪ್ಪು ಚಹಾ ಕುಡಿದೆ.

ಅದಾಗಿ ಹದಿನೈದು ದಿನಕ್ಕೆ ಮಾಸ್ತರರ ಮಗ ನನ್ನ ಹತ್ತಿರ ಬಂದು, ಪರೀಕ್ಷೆಯ ಫಾರ್ಮಿಗೆ ಬೇಕು, ಜನ್ಮತಾರೀಖಿನ ದಾಖಲೆ ಕೊಡ್ರಿ ಸರ್ ಅಂದ. ನಾನು ಅವನ ಕ್ಲಾಸ್ ಮಾಸ್ತರ. ರಜಿಸ್ಟರ್ ತೆಗೆದು ನೋಡಿದೆ. ಜೂನ್ ಒಂದು. ನಮ್ಮ ಸಾಲಿಯ ಅರ್ಧಕ್ಕರ್ಧ ಹುಡುಗರು ಹುಟ್ಟಿದ್ದು ಜೂನ್ ಒಂದಕ್ಕೇ. ಹುಟ್ಟಿದ ದಿನ ಯಾರಿಗೆ ನೆನಪಿರುತ್ತದೆ, ಸಾಲಿ ಸುರುವಾಗುವ ದಿನವನ್ನೇ ಹಾಕಿ ಬರೆದುಕೊಳ್ಳುವುದು ವಾಡಿಕೆ. ಲೆಕ್ಕ ಹಾಕಿದರೆ ಹದಿನೆಂಟು ತುಂಬಿತ್ತು. ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿ ಕೊಟ್ಟೆ. ಆ ಗಿಡ್ಡ ಹುಡುಗನ ಮುಖ ನೋಡಿ, ಇವನಿಗೆ ಹದಿನೆಂಟೇ ಎಂಬ ಒಂದು ಮಾತೂ ನನಗೆ ಹೊಳೆಯಲಿಲ್ಲ.

ನಾಲ್ಕನೆಯ ದಿನ ಮುಂಜಾನೆ ಮಾಸ್ತರರು ನನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಕಾಲಿಗೆ ಪಟ್ಟಿ ಇರಲಿಲ್ಲ. ಮಗ ಬೆಳಗಾವಿಗೆ ಹೋಗಿ ಫೌಜಿಗೆ ಸೇರಿದ್ದ. ವಯಸ್ಸಿನ ದಾಖಲೆ ಎಂದು ನಾನು ಬರೆದುಕೊಟ್ಟ ಕಾಗದ ತೋರಿಸಿದ್ದ.

"ಅಂವಗ ಹದಿನಾರು ಸರ" ಅಂದರು. "ಖರೇ ಹೇಳ್ತೇನಿ, ಬರೇ ಹದಿನಾರು. ಸುಳ್ಳು ಬರಸಿದಾಂವ ನಾನ."

ಆಮೇಲೆ ಅವರು ಹೇಳಿದ್ದು ಹೀಗೆ. ಆಗ ಹುಡುಗರನ್ನು ಸಾಲಿಗೆ ಹಾಕಿಕೊಳ್ಳುವಾಗ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಲಿಕ್ಕೆ ಹೇಳುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ ಅಂತ. ಐದು ವರ್ಷದ ಮಗನ ಕೈ ಮುಟ್ಟುತ್ತಿರಲಿಲ್ಲ. ಅಪ್ಪ ಕವಾಯತಿನ ಮಾಸ್ತರ. ಹತ್ತು ದಿನ ಮನೆಯಲ್ಲಿ ಅದನ್ನೇ ಕವಾಯತು ಮಾಡಿಸಿದ್ದರು. ಯಾರಿಗೂ ಕಾಣದ ಹಾಗೆ ಕುತ್ತಿಗೆ ಎಷ್ಟು ವಾಲಿಸಬೇಕು, ಹೆಗಲು ಎಷ್ಟು ಏರಿಸಬೇಕು, ಎಲ್ಲ. ಹನ್ನೊಂದನೆಯ ದಿನ ಹುಬ್ಬಳ್ಳಿಯಲ್ಲಿ, ಹುಡುಗನ ಸೋದರಮಾವನ ಮನೆಯ ಹತ್ತಿರದ ಸಾಲಿಯಲ್ಲಿ, ಕಿವಿ ಸಿಕ್ಕಿತು. ಏಳು ತುಂಬಿದೆ ಎಂದು ಬರೆಸಿದರು.

"ಯಾಕ ಹಂಗ ಮಾಡಿದ್ರಿ?" ಅಂದೆ.

"ಲಗೂ ಮ್ಯಾಟ್ರಿಕ್ ಆಗಲಿ, ಎಲ್ಲೆರ ಕಾರಕೂನಕಿ ಹಿಡೀಲಿ ಅಂತ್ರಿ. ನಾ ಮುದುಕ ಆಗೂದರಾಗ ಅಂವ ಕುರ್ಚಿ ಮ್ಯಾಲ ಕುಂತಿದ್ರ ಬಂದೂಕಿನ ದಾರಿ ತಪ್ಪತೈತಿ ಅಂದ್ಕೊಂಡೆ." ಪಟ್ಟಿಯಿಲ್ಲದ ಕಾಲು ಸವರಿಕೊಳ್ಳುತ್ತ ಅಂದರು. "ಸ್ಪಾರ್ಟಾದವ್ರು ಏಳು ವರ್ಷದಾಂವನ್ನ ಕಸಗೊಂಡು ಒಯ್ತಿದ್ರು ಅಂದ್ರಿ. ನಾ ಐದರಾಂವನ್ನ ಏಳು ಮಾಡಿ ನಾನ ಕೊಟ್ಟೇನಿ."

ನನಗೆ ಬೈದಿದ್ದರೆ ಛಲೋ ಆಗುತ್ತಿತ್ತು.

ಮಗನನ್ನು ಬಿಡಿಸಿ ತರಬೇಕೆಂದರೆ ಸಾಲಿಯ ದಾಖಲೆ ತಿದ್ದಬೇಕು. ಬೆಳಗಾವಿಯ ದಂಡಿನ ಛಾವಣಿಯ ಸುಬೇದಾರ, ಕಾಗದ ತಂದರೆ ನೋಡೋಣ ಅಂದಿದ್ದನಂತೆ. ಮಾಸ್ತರರು ಹುಚ್ಚರ ಹಾಗೆ ಓಡಾಡಿದರು. ಹುಬ್ಬಳ್ಳಿಯಲ್ಲಿ ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಹುಡುಕಿದರು. ಬೆಳಗಾವಿಯಲ್ಲಿ ಕಾಂಗ್ರೆಸ್ ಕೂಡಿದ ಮರುವರ್ಷದ ಮಳೆಗಾಲದ ಕೂಸು ಅದು ಎಂದು ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಆಗ ಸಾಲಿಗೆ ಹಾಕಿಕೊಂಡಿದ್ದ ಹುಬ್ಬಳ್ಳಿಯ ಮುದುಕ ಮಾಸ್ತರರ ಕಾಲು ಹಿಡಿದು, ಎರಡು ವರ್ಷ ಹೆಚ್ಚು ಬರೆದದ್ದು ಹೌದು ಎಂದು ಬರೆಸಿಕೊಂಡು ಬಂದರು. ರವಿವಾರಕ್ಕೊಮ್ಮೆ ಬೆಳಗಾವಿಗೆ ಹೋಗಿ ಛಾವಣಿಯ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಒಮ್ಮೆ ಮಗ ಹೊರಗೆ ಬಂದ. "ಅಪ್ಪಾ, ನೀ ಇಲ್ಲಿ ಬರಬ್ಯಾಡ. ಎಲ್ಲಾರೂ ನಗತಾರ" ಅಂದು ಒಳಗೆ ಹೋದನಂತೆ.

ಎಲ್ಲ ಕಾಗದಗಳೂ ಕಡೆಗೆ ನನ್ನ ಟೇಬಲ್ಲಿಗೆ ಬಂದವು. ಕ್ಲಾಸ್ ಮಾಸ್ತರ ವಿಚಾರಣೆ ಮಾಡಿ ವರದಿ ಬರೆದುಕೊಡಲಿ, ಶಿಕ್ಷಣ ಕಚೇರಿಗೆ ಕಳಿಸುತ್ತೇನೆ ಎಂದರು ಹೆಡ್‌ಮಾಸ್ತರರು. ಮುಖ ಗಂಟಿಕ್ಕಿ ಒಂದು ಮಾತು ಸೇರಿಸಿದರು. "ನೋಡಿ ಬರೀರಿ. ಆ ದಾಖಲೆ ಕೊಟ್ಟವರೂ ನೀವೇ ಇದ್ದೀರಿ."

ನನ್ನ ನೌಕರಿ ಇನ್ನೂ ಪಕ್ಕಾ ಆಗಿರಲಿಲ್ಲ. ನಾನು ಸಹಿ ಮಾಡಿ ಕೊಟ್ಟದ್ದು ಸುಳ್ಳು ಎಂದು ನಾನೇ ಬರೆಯಬೇಕು. ನಾಳೆ ಬರೆದರಾಯಿತು ಅಂದೆ. ಚೌತಿ ಬಂತು. ಪೇಪರು ತಿದ್ದುವುದು ಬಂತು. ಹೆಂಡತಿಯ ತವರಿನಿಂದ ಮಂದಿ ಬಂದರು. ಬಾಯಿಂದ ಗಂಡೆದೆ ಗಂಡೆದೆ ಎಂದು ಒದರಿದವ, ಒಂದು ಹಾಳೆ ಬರೆಯಲಿಕ್ಕೆ ಹೆದರಿ ಹದಿನೇಳು ದಿನ ಆ ಕಾಗದಗಳನ್ನು ಡ್ರಾವರಿನಲ್ಲಿ ಇಟ್ಟುಕೊಂಡೆ. ಮಾಸ್ತರರು ದಿನಾ ಪಡಸಾಲೆಯಲ್ಲಿ ಎದುರಾದಾಗ "ಕಚೇರಿಗೆ ಹೋತೇನ್ರಿ ಸರ?" ಅನ್ನುತ್ತಿದ್ದರು. "ಬರದು ಕೊಟ್ಟೇನಿ" ಎಂದು ಎರಡನೆಯ ದಿನವೇ ಅಂದುಬಿಟ್ಟಿದ್ದೆ. ಹದಿನೆಂಟನೆಯ ದಿನ ಬರೆದೆ.

ಕಚೇರಿ ತನ್ನ ಚಾಲಿನಲ್ಲಿ ನಡೆಯಿತು. ದೀಪಾವಳಿ ಹೋಗಿ ಚಳಿ ಬಿದ್ದ ಮೇಲೆ ತಿದ್ದಿದ ದಾಖಲೆ ಬಂತು. ಮಾಸ್ತರರು ಅದನ್ನು ಎದೆಯ ಕಿಸೆಯಲ್ಲಿ ಇಟ್ಟುಕೊಂಡು, ಊಟ ಸುದ್ದಾ ಮಾಡದೆ ಗಾಡಿ ಹತ್ತಿದರು. ಬೆಳಗಾವಿಯಲ್ಲಿ ಮಗನ ತುಕಡಿಯ ಖೋಲಿಗಳನ್ನು ಕಸ ಹೊಡೆದು ಇಟ್ಟಿದ್ದರು. ಮೊನ್ನೆ ಮುಂಜಾನೆ ಮುಂಬೈಗೆ ಹೋದರು, ಹಡಗು ಹತ್ತುತ್ತಾರೆ ಎಂದು ಅಲ್ಲಿದ್ದವರು ಅಂದರಂತೆ. ಎರಡು ದಿನ ತಡವಾಗಿತ್ತು.

ಫೆಬ್ರುವರಿಯಲ್ಲಿ ಸಿಂಗಾಪುರ ಬಿತ್ತು. ಆಮೇಲೊಂದು ಇಂಗ್ಲಿಷ್ ಕಾಗದ ಬಂತು. ಓದಿಸಲಿಕ್ಕೆ ನನ್ನ ಹತ್ತಿರವೇ ತಂದರು.

"ಪತ್ತೆ ಇಲ್ಲ ಅಂತ ಬರದಾರ್ರಿ" ಅಂದೆ.

"ಪತ್ತೆ ಇಲ್ಲ ಅಂದ್ರ ಸತ್ತಾನ ಅಂತಲ್ಲ. ಹೌದಲ್ರಿ?"

"ಅಲ್ರಿ ಮಾಸ್ತರ. ಹಂಗಲ್ಲ."

ಆ ಒಂದು 'ಹಂಗಲ್ಲ'ದ ಮೇಲೆ ಅವರು ಮೂರೂವರೆ ವರ್ಷ ಬದುಕಿದರು. ಶನಿವಾರ ಅರ್ಧ ದಿನದ ಸಾಲಿ ಮುಗಿದ ಕೂಡಲೆ ಸ್ಟೇಶನ್ನಿಗೆ ಹೋಗಿ ಬೆಳಗಾವಿ, ಲೋಂಡಾದ ಕಡೆಯಿಂದ ಬರುವ ಗಾಡಿ ನೋಡುತ್ತಿದ್ದರು. ಒಮ್ಮೆ ನಾನೂ ಜೋಡಿ ಹೋದೆ. ಇಳಿಯುವವರ ಮುಖ ನೋಡದೆ ಅವರು ನೆಲವನ್ನೇ ನೋಡುತ್ತ ನಿಂತಿದ್ದರು. ಯಾಕೆಂದು ಕೇಳಿದೆ. "ಮಾರಿ ನೋಡಾಕ ಧೈರ್ಯ ಸಾಲೂದಿಲ್ರಿ. ಕಾಲು ನೋಡ್ತೇನಿ. ನಡಿಗಿ ಮ್ಯಾಲ ಗುರುತು ಸಿಗತೈತಿ" ಅಂದರು. ಮನೆಯಲ್ಲಿ ಅವರ ಹೆಂಡತಿ ಮಾತು ಬಿಟ್ಟಿದ್ದರು. ದೇವರ ಮುಂದೆ ಕೂಡುವುದನ್ನೂ ಬಿಟ್ಟಿದ್ದರು. ಅಂಥ ತಾಯಂದಿರು ಎಷ್ಟು ಮಂದಿ ಇದ್ದಾರೆ ಎಂದು ಕ್ಲಾಸಿನಲ್ಲಿ ಕೇಳಿದ್ದೆನಲ್ಲ, ಆ ಮನೆಯ ಹೊಸ್ತಿಲು ದಾಟದೆ ಮಾಸ್ತರರನ್ನು ಹೊರಗಿನಿಂದಲೇ ಮಾತಾಡಿಸಿ ಬರುತ್ತಿದ್ದೆ.

ಯುದ್ಧ ಮುಗಿದ ಮೇಲೆ ಸೆರೆಯಿಂದ ಬಿಡುಗಡೆಯಾಗಿ ಬಂದ ಒಬ್ಬ ಸಿಪಾಯಿ ಸಾಲಿಗೆ ಮಾಸ್ತರರನ್ನು ಹುಡುಕಿಕೊಂಡು ಬಂದ. ಅದೇ ತುಕಡಿಯವನು, ಧಾರವಾಡದ ಹತ್ತಿರದ ಹಳ್ಳಿಯವನು. ಮಾಸ್ತರರು ನನ್ನನ್ನೂ ಕರೆದರು. ಒಬ್ಬರೇ ಕೇಳುವ ತಾಕತ್ತು ಅವರಿಗೆ ಇರಲಿಲ್ಲ. ಹಡಗಿನಿಂದ ಇಳಿದು ತಿಂಗಳು ತುಂಬುವುದರೊಳಗೆ ಸಾಹೇಬರು ಶರಣಾಗಿಬಿಟ್ಟರು, ಹುಡುಗ ಒಂದು ಗುಂಡು ಸಹ ಹಾರಿಸಲಿಲ್ಲ, ಸೆರೆಯಲ್ಲಿ ಜ್ವರ ಹಿಡಿದು ಎಂಟು ದಿನ ಮಲಗಿ ತೀರಿಹೋದ ಎಂದು ಅವನು ಹೇಳಿದ.

"ಅಂವ ಸಣ್ಣಾಂವ ಅಂತ ಎಲ್ಲಾರಿಗೂ ಗೊತ್ತಿತ್ರಿ" ಅಂದ. "ನಮ್ಮ ಹವಾಲ್ದಾರಗೂ ಗೊತ್ತಿತ್ತು. ಹೊಂಡೂ ಮುಂಚೆ ಒಂದು ಕಾಗದ ಕೈಗೆ ಬಂದಿದ್ರ ಇವನ್ನ ಇಲ್ಲೇ ಬಿಟ್ಟು ಬರತಿದ್ದೆ ಅಂತಿದ್ದ."

ನಾನು ನೆಲ ನೋಡಿದೆ. ಮಾಸ್ತರರು ನನ್ನ ಕೈ ಹಿಡಿದುಕೊಂಡರು. ನನಗೇ ಸಮಾಧಾನ ಮಾಡಬೇಕು ಅನ್ನುವ ಹಾಗೆ. ಆ ಸಿಪಾಯಿಗೆ ಹೇಳಿದರು. "ನಮ್ಮ ಸರ ಎರಡು ದಿನದಾಗ ಬರದು ಕೊಟ್ಟಿದ್ರಪಾ. ಕಚೇರಿಯವ್ರು ದಿನ ತಿಂದ್ರು."

ಬಾಯಿ ತೆರೆದೆ. ಹೇಳಲಿಕ್ಕೇ ತೆರೆದೆ, ಆಣೆ ಮಾಡಿ ಹೇಳುತ್ತೇನೆ. ಗಂಟೆ ಹೊಡೆಯಿತು, ಹುಡುಗರು ಹೊರಗೆ ಬಂದರು, ನಾನು ಬಾಯಿ ಮುಚ್ಚಿದೆ. ಆಮೇಲೆ ಎಷ್ಟೋ ಸಲ ಅವಕಾಶ ಸಿಕ್ಕಿತು. ಒಂದು ಸಲವೂ ಆಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಮಾಸ್ತರರು ಹಾಸಿಗೆ ಹಿಡಿದರು. ದಿನಾ ಸಂಜೆ ಹೋಗುತ್ತಿದ್ದೆ. ನೋಡಲಿಕ್ಕೆ ಬಂದ ಪ್ರತಿಯೊಬ್ಬರಿಗೂ ಅವರು ನನ್ನನ್ನು ತೋರಿಸಿ ಅದನ್ನೇ ಹೇಳುತ್ತಿದ್ದರು. ಇವರೊಬ್ಬರು ತಡಾ ಮಾಡಲಿಲ್ಲ, ಇವರೊಬ್ಬರು. ಕಡೆಯ ಎರಡು ದಿನ ಮಾತು ನಿಂತಿತು. ನಂತರ ಹೋದರು.

ಹದಿಮೂರನೆಯ ದಿನ ನನ್ನನ್ನು ಊಟಕ್ಕೆ ಕರೆದಿದ್ದರು. ಹೋಗಿ, ಬಾಗಿಲಲ್ಲೇ ಕೈಮುಗಿದು ಹೊರಡುವ ವಿಚಾರ ಮಾಡಿದ್ದೆ. ಆದರೆ ಇಷ್ಟು ವರ್ಷ ಮಾತು ಬಿಟ್ಟಿದ್ದ ಆ ತಾಯಿ ತಾವೇ ಹೊರಗೆ ಬಂದರು.

"ನೀವು ಲಗೂನ ಬರದು ಕೊಟ್ರಿ ಅಂತ ದಿನಾ ನೆನಸ್ತಿದ್ರು. ನಿಮ್ಮ ಉಪಕಾರ ತೀರಿಸಾಕ ಆಗಲಿಲ್ಲ ಅಂತಿದ್ರು. ಹಂಗ ಹೋಗಬ್ಯಾಡ್ರಿ ಸರ, ಉಂಡು ಹೋಗ್ರಿ."

ಮೊದಲನೆಯ ಪಂಕ್ತಿಯಲ್ಲಿ, ಮಗ ಕೂಡಬೇಕಾದ ಕಡೆ ನನಗೆ ಮಣೆ ಹಾಕಿದರು. ಕೂತೆ. ಬಡಿಸಿದರು. ಉಂಡೆ.