ನಾನೇ ಲ್ಯಾಮಿನೇಷನ್ ಮಾಡಿದ ಚೀಟಿ

ನಮ್ಮ ಏರಿಯಾದ ಜನ ಯಾವುದನ್ನು ಬೇಕಾದರೂ ಲ್ಯಾಮಿನೇಷನ್ ಮಾಡಿಸುತ್ತಾರೆ. ಮಾರೇನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಜೆರಾಕ್ಸ್ ಅಂಗಡಿ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಮಗುವಿನ ಜಾತಕ, ಸತ್ತವರ ಫೋಟೊ ಎಲ್ಲವೂ ನನ್ನ ಮಿಷಿನ್ನಿನ ಬಿಸಿ ರೋಲರುಗಳ ನಡುವೆ ಹಾದುಹೋಗಿವೆ. ಒಬ್ಬರು ದೇವಸ್ಥಾನದಲ್ಲಿ ಕೊಟ್ಟ ಬಿಲ್ವಪತ್ರೆಯನ್ನೇ ತಂದಿದ್ದರು. ಅದನ್ನೂ ಮಾಡಿಕೊಟ್ಟೆ. ಪ್ಲಾಸ್ಟಿಕ್ ಹೊದಿಸಿಬಿಟ್ಟರೆ ಕಾಗದಕ್ಕೆ ಸಾವಿಲ್ಲ ಎಂಬುದು ನಮ್ಮವರ ನಂಬಿಕೆ, ನನ್ನದೂ ಅದೇ ಆಗಿತ್ತು. ಈಗ ಒಂದನ್ನು ಮಾತ್ರ ಮಾಡಿಕೊಡುವುದಿಲ್ಲ: ಡಾಕ್ಟರು ಬರೆದ ಔಷಧಿ ಚೀಟಿ. ಯಾಕೆಂದು ಕೇಳಿದರೆ ಮಿಷಿನ್ ಕೆಟ್ಟಿದೆ ಎಂದು ಸುಳ್ಳು ಹೇಳುತ್ತೇನೆ. ನಿಜ ಹೇಳಬೇಕೆಂದರೆ ನಮ್ಮ ಅತ್ತೆಯಿಂದ ಶುರು ಮಾಡಬೇಕಾಗುತ್ತದೆ.

ಅತ್ತೆ, ಅಂದರೆ ನಮ್ಮನೆಯವರ ತಾಯಿ. ಅವರ ತವರು ಈಗ ಅನ್ನಪೂರ್ಣೇಶ್ವರಿ ನಗರ ಎನ್ನುವ ಕಡೆ. ಆಗ ಅಲ್ಲಿ ಅವರಪ್ಪನ ರಾಗಿ ಹೊಲವಿತ್ತಂತೆ. ಮಾವ ಬಿನ್ನಿಪೇಟೆಯ ಮಿಲ್ಲಿನಲ್ಲಿದ್ದವರು, ನಾನು ಸೊಸೆಯಾಗಿ ಬರುವಷ್ಟರಲ್ಲಿ ತೀರಿಕೊಂಡಿದ್ದರು. ಅತ್ತೆಯ ಬಾಯಿ ಇಡೀ ಬೀದಿಗೆ ಗೊತ್ತು. ಸೊಪ್ಪಿನ ಗಾಡಿಯವನು ನಮ್ಮ ಗೇಟಿನ ಹತ್ತಿರ ಬರುವ ಮೊದಲೇ ಬಾಡಿದ ಕಟ್ಟುಗಳನ್ನು ಅಡಿಗೆ ತಳ್ಳಿಕೊಳ್ಳುತ್ತಿದ್ದ. ನಾನು ಈ ಮನೆಯಲ್ಲಿ ಮಾಡಿದ ಮೊದಲ ಕಾಫಿಯನ್ನು ಒಂದು ಗುಟುಕು ಕುಡಿದು, "ಕಾಫಿ ಆಮೇಲೆ ತರ್ತೀಯೇನೇ? ಇದು ಲೋಟ ತೊಳೆದ ನೀರು ಅನ್ಸುತ್ತೆ" ಎಂದಿದ್ದರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು ನಾನು. ಅತ್ತೆಯಲ್ಲಿ ಅಮ್ಮನನ್ನು ಕಾಣುತ್ತೇನೆ ಎಂದುಕೊಂಡು ಬಂದಿದ್ದೆ. ಆ ಆಸೆ ಆ ಲೋಟದಲ್ಲೇ ಮುಳುಗಿತು.

ಹೀಗೆ ಹದಿನೈದು ವರ್ಷ ಕಳೆದ ಮೇಲೆ ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಜಾರಿ ಬಿದ್ದರು. ಬೆನ್ನುಮೂಳೆಯಲ್ಲಿ ಬಿರುಕು ಬಿಟ್ಟಿತ್ತು. ಆಸ್ಪತ್ರೆಯ ಡಾಕ್ಟರು ಬೆಲ್ಟು ಹಾಕಿ, ನೋವಿಗೆ ಟ್ರಮಡಾಲ್ ಎಂಬ ಗುಳಿಗೆ ಬರೆದುಕೊಟ್ಟರು. ದಿನಕ್ಕೆ ಎರಡು, ಹತ್ತು ದಿನ, ಆಮೇಲೆ ಬಂದು ತೋರಿಸಿ ಎಂದರು. ಡಾಕ್ಟರು ಹೇಳಿದ್ದರಲ್ಲಿ ಏನೂ ತಪ್ಪಿರಲಿಲ್ಲ. ಮುಂದಿನದೆಲ್ಲ ನಮ್ಮದೇ ಸಾಧನೆ.

ಗುಳಿಗೆ ನುಂಗಿದ ಅರ್ಧ ಗಂಟೆಗೆ ನೋವು ಹೋಯಿತು. ಹತ್ತು ದಿನದ ಮೇಲೆ ಮತ್ತೆ ಆಸ್ಪತ್ರೆಯ ಕ್ಯೂನಲ್ಲಿ ಯಾರು ಕೂರುತ್ತಾರೆ? ಅದೇ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ, ಕೊಟ್ಟರು. ಆಮೇಲೂ ಹೋದೆ, ಆಮೇಲೂ ಕೊಟ್ಟರು. ಮಡಚಿ ಮಡಚಿ ಚೀಟಿ ನಾಲ್ಕು ತುಂಡಾಗುವ ಹಾಗಾಯಿತು. ಅದರ ಮೇಲೆ ಕಾಫಿ ಬೇರೆ ಚೆಲ್ಲಿ ಮೂಲೆಯಲ್ಲಿದ್ದ ತಾರೀಕು ಕಲೆಯೊಳಗೆ ಮುಚ್ಚಿಹೋಯಿತು. ಆಗ ಅತ್ತೆಯೇ ಹೇಳಿದ್ದು: "ನಿನ್ ಅಂಗಡೀಲಿ ಊರೋರ್ ಕಾಗದಕ್ಕೆಲ್ಲಾ ಪ್ಲಾಸ್ಟಿಕ್ ಹಾಕ್ತೀಯ, ನನ್ ಚೀಟಿಗೆ ಹಾಕಕ್ಕೆ ಆಗಲ್ವೇನೇ?"

ನನಗೆ ಸಂಕೋಚವಾಯಿತು, ಹೌದಲ್ಲ ಅನ್ನಿಸಿತು. ಚೀಟಿಯನ್ನು ಇಸ್ತ್ರಿ ಪೆಟ್ಟಿಗೆಯಿಂದ ನಯ ಮಾಡಿ, ಹರಿದ ಅಂಚುಗಳನ್ನು ಜೋಡಿಸಿ, ಅತಿ ದಪ್ಪದ ಹಾಳೆ ಹಾಕಿ ಲ್ಯಾಮಿನೇಷನ್ ಮಾಡಿದೆ. ಅಷ್ಟು ಮುತುವರ್ಜಿಯಿಂದ ನನ್ನ ಮದುವೆಯ ಫೋಟೊವನ್ನೂ ಮಾಡಿದವಳಲ್ಲ. ಇರಲಿ ಎಂದು ಎರಡು ಕಲರ್ ಜೆರಾಕ್ಸ್ ತೆಗೆದು ಅವಕ್ಕೂ ಪ್ಲಾಸ್ಟಿಕ್ ಹೊದಿಸಿದೆ. ಔಷಧಿ ಕೊಟ್ಟಿದ್ದೇವೆ ಎಂದು ಅಂಗಡಿಯವರು ಚೀಟಿಯ ಮೇಲೆ ಸೀಲು ಒತ್ತಬೇಕಂತೆ. ಪ್ಲಾಸ್ಟಿಕ್ ಮೇಲೆ ಸೀಲು ನಿಲ್ಲುತ್ತದೆಯೇ? ಒತ್ತಿದವರದೂ ಸೆರಗಿನಿಂದ ಒರೆಸಿದರೆ ಹೋಗುತ್ತಿತ್ತು. ಚೀಟಿ ಪ್ರತಿಸಲವೂ ಹೊಸದೇ.

ಇನ್ನು ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಚೀಟಿಯ ಮೇಲೆ ಗುಳಿಗೆ ತಂದುಕೊಟ್ಟ ಎರಡು ವರ್ಷ ನನ್ನ ಬದುಕಿನ ಅತಿ ಸುಖದ ವರ್ಷಗಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ನಮ್ಮ ಅತ್ತೆಯದು ಗುಳಿಗೆಗೆ ಹೋಗಿತ್ತು. ಬೈಗುಳ ನಿಂತಿತು. ಸೊಪ್ಪಿನವನಿಗೆ "ಬಿಸಿಲಲ್ಲಿ ಬಂದಿದೀಯ, ನೀರು ಕುಡ್ಕೊಂಡ್ ಹೋಗಪ್ಪಾ" ಅಂದರು. ಅವನು ಗಾಬರಿಯಿಂದ ನನ್ನ ಮುಖ ನೋಡಿದ. ಭಾನುವಾರ ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ಒಳಗೆ ಬಂದರೆ, ಅತ್ತೆ ಹಿತ್ತಲ ಬಾಗಿಲಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ಬೆಚ್ಚಗೆ ಮಾಡಿದ ಹರಳೆಣ್ಣೆಯ ಬಟ್ಟಲು ಇಟ್ಟುಕೊಂಡು ಕಾಯುತ್ತಿದ್ದರು. ನಾನು ಕೆಳಗೆ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನೆತ್ತಿಗೆ ಎಣ್ಣೆ ತಟ್ಟುತ್ತಾ ಕಥೆ ಹೇಳುತ್ತಿದ್ದರು. ಮಿಲ್ಲಿನ ಸೈರನ್ ಕೂಗಿದರೆ ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದುದು, ತವರಿನ ಹೊಲದಲ್ಲಿ ಸೊಗಡವರೆ ಬಿಡಿಸಿ ಉಗುರು ಕಪ್ಪಾಗುತ್ತಿದ್ದುದು. ಅವರಜ್ಜಿಯ ಕಾಲದಲ್ಲಿ ಅಳುವ ಮಗುವಿಗೆ ಸಾಸಿವೆಯಷ್ಟು ಅಫೀಮು ನೆಕ್ಕಿಸಿ, ಮರದ ನೆರಳಲ್ಲಿ ಮಲಗಿಸಿ, ಹೆಂಗಸರು ಕಳೆ ಕೀಳಲು ಹೋಗುತ್ತಿದ್ದರಂತೆ. "ಕೆಲವು ಮಕ್ಕಳು ಏಳ್ತಾನೇ ಇರ್ಲಿಲ್ವಂತೆ ಕಣೇ" ಎಂದು ಅದನ್ನೂ ನಗುತ್ತಲೇ ಹೇಳಿದ್ದರು. ಒಂದು ಭಾನುವಾರ ಜಡೆ ಹೆಣೆದು ಮುಗಿಸಿ, "ನೀನು ನನ್ ಹೊಟ್ಟೇಲೇ ಹುಟ್ಬೇಕಾಗಿತ್ತು ಮಗಳೇ" ಅಂದರು. ಆಮೇಲೆ ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಎರಡು ಗುಳಿಗೆ ನಾಲ್ಕಾಗಿದ್ದು ನನಗೆ ಗೊತ್ತಿತ್ತು. ನಾಲ್ಕು ಆರಾಯಿತು, ಎಂಟಾಯಿತು. ಮೊದಲಿನಷ್ಟಕ್ಕೆ ನೋವು ಕೇಳುತ್ತಿರಲಿಲ್ಲ. ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದರು, ಮಲಬದ್ಧತೆಗೆ ಬೇರೆ ಔಷಧಿ ಬೇಕಾಗಿತ್ತು. ವಯಸ್ಸು ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಒಂದು ಸಲ ಮೆಡಿಕಲ್ ಶಾಪಿನವರು ಪ್ಲಾಸ್ಟಿಕ್ ಚೀಟಿಯನ್ನು ಮುಟ್ಟಲೇ ಇಲ್ಲ. "ಇದಕ್ಕೆ ಈಗ ಕಾನೂನು ಬಿಗಿ ಮಾಡಿದಾರೆ ಅಕ್ಕಾ. ಡಾಕ್ಟ್ರ ಹತ್ರ ಹೊಸದಾಗಿ ಬರೆಸ್ಕೊಂಡ್ ಬನ್ನಿ" ಎಂದರು. ನಾಳೆ ಹೋದರಾಯಿತು ಎಂದು ಸುಮ್ಮನಾದೆ. ಮಾರನೆಯ ದಿನಕ್ಕೆ ಅತ್ತೆಗೆ ಬೆವರು, ಮೂಗಿನಲ್ಲಿ ನೀರು, ಒಂದರ ಹಿಂದೆ ಒಂದು ಆಕಳಿಕೆ, ಭೇದಿ. ಕಾಲುಗಳು ತಾವಾಗಿಯೇ ಒದ್ದುಕೊಳ್ಳುತ್ತಿದ್ದವು. ಡೆಂಗಿ ಇರಬಹುದು ಎಂದು ನಮ್ಮನೆಯವರು ಪಪ್ಪಾಯಿ ಎಲೆ ಹುಡುಕಲು ಹೊರಟರು. ಅತ್ತೆ ನನ್ನ ಕೈ ಹಿಡಿದು, "ಡೆಂಗಿ ಅಲ್ಲ, ಏನೂ ಅಲ್ಲ. ಆ ಗುಳಿಗೆ ತಂದ್ಕೊಡು, ಸಾಕು" ಎಂದರು. ಅವರಿಗೆ ಗೊತ್ತಿತ್ತು! ನಾನು ಕಲರ್ ಜೆರಾಕ್ಸ್ ಹಿಡಿದು ಅವರ ತವರಿನ ಕಡೆಯ ಏರಿಯಾವರೆಗೂ ಆಟೊದಲ್ಲಿ ಅಲೆದೆ. ನಾಲ್ಕನೆಯ ಅಂಗಡಿಯಲ್ಲಿ ಕೊಟ್ಟರು. ನುಂಗಿದ ಸ್ವಲ್ಪ ಹೊತ್ತಿಗೆ ಅತ್ತೆ ಮುಖ ತೊಳೆದು, ಸೀರೆ ಸರಿಮಾಡಿಕೊಂಡು, "ಬಾ ಮಗಳೇ, ಜಡೆ ಹಾಕ್ತೀನಿ" ಎಂದರು.

ಆ ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತಾಗಲೇ ನನಗೆ ಅರ್ಥವಾಗಿತ್ತು. ಆದರೂ ಯಾರಿಗೂ ಹೇಳಲಿಲ್ಲ. ಹೇಳಿದರೆ ಗುಳಿಗೆ ನಿಲ್ಲುತ್ತದೆ, ಗುಳಿಗೆ ನಿಂತರೆ ಈ ಕೈ ನನ್ನ ತಲೆಯ ಮೇಲಿರುವುದಿಲ್ಲ. ಇಷ್ಟು ನೀಚ ಲೆಕ್ಕಾಚಾರ ನನ್ನದು.

ಅದಾಗಿ ತಿಂಗಳಾಗಿರಲಿಲ್ಲ. ಅವರೆಕಾಯಿ ಕಾಲ. ಅತ್ತೆ ಹಿತಕವರೆ ಮಾಡಲು ನೆನೆಸಿದ ಕಾಳು ಹಿಸುಕುತ್ತಾ ಕೂತಿದ್ದವರು ಪಾತ್ರೆಯ ಸಮೇತ ಪಕ್ಕಕ್ಕೆ ವಾಲಿದರು. ಕಣ್ಣು ಮೇಲಾಗಿ, ಕೈಕಾಲು ಸೆಟೆದುಕೊಂಡು ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು, ಏನೇನು ಮಾತ್ರೆ ತಗೋತಾರೆ ಎಂದು ಕೇಳಿದರು. ನಾನು ಪರ್ಸಿನಿಂದ ಆ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದನ್ನ ಲ್ಯಾಮಿನೇಷನ್ ಮಾಡ್ಸಿದ್ದು ಯಾರು?"

"ನಾನೇ ಮೇಡಂ. ಮಾಡ್ಸಿದ್ದಲ್ಲ, ಮಾಡಿದ್ದು."

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ, ನಿಧಾನವಾಗಿ ಬಿಡಿಸಿ ಹೇಳಿದರು. ಇದು ಅಫೀಮಿನ ಕೆಲಸವನ್ನೇ ಮಾಡುವ ಗುಳಿಗೆ. ಅಳತೆಯಲ್ಲಿ, ಹೇಳಿದಷ್ಟು ದಿನ ತಗೊಂಡರೆ ಒಳ್ಳೆಯ ಔಷಧಿ. ದಾಟಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ, ಬಿಟ್ಟರೆ ಒದ್ದಾಡುತ್ತದೆ, ಅತಿಯಾದರೆ ಹೀಗೆ ಫಿಟ್ಸ್ ಬರುತ್ತದೆ. "ಉಸಿರೇ ನಿಂತ್ಹೋಗ್ಬೋದಿತ್ತು. ಮಲಗಿದೋರು ಏಳ್ತಾನೇ ಇರ್ಲಿಲ್ಲ" ಎಂದರು. ನನಗೆ ಮರದ ನೆರಳಿನ ಆ ಮಕ್ಕಳು ಕಣ್ಣ ಮುಂದೆ ಬಂದರು. ಒಂದೇ ಸಲ ನಿಲ್ಲಿಸುವ ಹಾಗೂ ಇಲ್ಲ, ಅವರು ಬರೆದುಕೊಟ್ಟ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು, ಗುಳಿಗೆ ನಿಮ್ಮ ಕೈಯಲ್ಲೇ ಇರಬೇಕು ಎಂದು ನನಗೆ ಹೇಳಿದರು. ಮಂಚದ ಮೇಲಿಂದ ಅತ್ತೆ, "ನಾನೇನು ಕುಡುಕೀನಾ? ಡಾಕ್ಟ್ರು ಕೊಟ್ಟಿದ್ದನ್ನ ನುಂಗ್ದೋಳು" ಎಂದು ಸಿಡುಕಿದರು. "ಅದಕ್ಕೇ ಅಜ್ಜಿ, ನಿಮ್ಮ ತಪ್ಪು ಅಂತ ಯಾರೂ ಹೇಳ್ತಾ ಇಲ್ಲ" ಎಂದರು ಆ ಹುಡುಗಿ. ಹೊಟ್ಟೆ ತಣ್ಣಗಿರಲಿ ಅವರದು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂತು, ಯಾವ ಸೊಸೆಗೂ ಬರಬಾರದ ಹಾಗೆ. ಗುಳಿಗೆಗಳನ್ನು ಅಂಗಡಿಯ ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಹೊತ್ತಿಗೆ ಸರಿಯಾಗಿ ಒಳಗೆ ಹೋಗಿ ಕೊಡುತ್ತಿದ್ದೆ. ಅತ್ತೆ ಶಾಪ ಹಾಕಿದರು. ನನ್ನ ತವರನ್ನು, ನನ್ನ ಸತ್ತ ತಾಯಿಯನ್ನು ಸೇರಿಸಿ ಬೈದರು. ಅದನ್ನೆಲ್ಲ ತಡೆದುಕೊಂಡೆ. ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಅಂಗಡಿಗೇ ಬಂದು, ಗಿರಾಕಿಗಳ ಮುಂದೆ, "ಕೈ ಮುಗೀತೀನಿ ಕಣೇ, ಇನ್ನೊಂದೇ ಒಂದು" ಎಂದು ನಿಜವಾಗಿಯೂ ಕೈ ಮುಗಿದರು. ಅದನ್ನು ತಡೆಯಲಾಗಲಿಲ್ಲ, ಕೊಟ್ಟೆ. ಸಂಜೆ ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ಆಯ್ತು, ನಾಳೆ ಕೊಡ್ಬೇಡಿ" ಎಂದರು. ಮತ್ತೆ ಕೊಡಲಿಲ್ಲ.

ಪೂರ್ತಿ ಬಿಡಿಸಲು ಐದು ತಿಂಗಳು ಬೇಕಾಯಿತು. ಬೆನ್ನಿಗೆ ಬಿಸಿ ಶಾಖ, ದಿನಾ ಒಂದಿಷ್ಟು ವ್ಯಾಯಾಮ. ನೋವು ಹೋಗಲಿಲ್ಲ, ಕೂತು ಏಳುವಷ್ಟಕ್ಕೆ ಇಳಿಯಿತು. ಮೂರೂ ಚೀಟಿಗಳನ್ನು ಹರಿಯಲು ಹೋದರೆ ಹರಿಯಲಿಲ್ಲ, ಅಷ್ಟು ಗಟ್ಟಿ ಕೆಲಸ ಮಾಡಿದ್ದೆ. ತಗಡು ಕತ್ತರಿಸುವ ಕತ್ತರಿ ತಂದು ಚೂರು ಮಾಡಿದೆ. ಒಂದು ಬೆಳಿಗ್ಗೆ ಅತ್ತೆ ಲೋಟ ಕೆಳಗಿಟ್ಟು, "ಇಷ್ಟು ವರ್ಷ ಆಯ್ತು, ಕಾಫಿ ಮಾಡೋದ್ ಮಾತ್ರ ಕಲೀಲಿಲ್ಲ ನೀನು" ಎಂದರು. ನಮ್ಮನೆಯವರು ಸಂತೋಷದಿಂದ ನಕ್ಕುಬಿಟ್ಟರು. ನಾನೂ ನಕ್ಕೆ, ಆದರೆ ಭಾನುವಾರಗಳು ಬರುತ್ತಿದ್ದವು, ಹೋಗುತ್ತಿದ್ದವು, ಹರಳೆಣ್ಣೆಯ ಬಟ್ಟಲು ಅಟ್ಟದ ಮೇಲೇ ಇತ್ತು.

ಕೊನೆಗೆ ಒಂದು ದಿನ ಬಾಯಿಬಿಟ್ಟೆ. "ಅತ್ತೆ, ನೀವು ನಂಗೆ ಭಾನುವಾರ ಭಾನುವಾರ ಎಣ್ಣೆ ಹಚ್ತಾ ಇದ್ರಿ."

"ನಾನಾ? ನಿನ್ ತಲೆಗಾ?"

"ಹೂಂ. ಕಥೆ ಹೇಳ್ತಾ ಇದ್ರಿ. ನನ್ ಹೊಟ್ಟೇಲೇ ಹುಟ್ಬೇಕಾಗಿತ್ತು ಅಂದಿದ್ರಿ."

ಅವರಿಗೆ ಒಂದೂ ನೆನಪಿರಲಿಲ್ಲ. ಸುಳ್ಳು ಹೇಳುವ ಜಾಯಮಾನ ಅವರದಲ್ಲ. ನಾನು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದ ಎರಡು ವರ್ಷ ನನ್ನೊಬ್ಬಳ ಹತ್ತಿರ ಮಾತ್ರ ಇತ್ತು. ಎದ್ದು ಅಡುಗೆಮನೆಗೆ ಹೊರಟೆ.

"ಎಲ್ಲಿಗ್ ಹೋಗ್ತೀಯ? ಎಣ್ಣೆ ತಗೊಂಡ್ ಬಾ" ಎಂದರು ಹಿಂದಿನಿಂದ. "ಕೂತ್ಕೋ ಇಲ್ಲಿ. ಈ ಸಲ ನೆನಪಿಟ್ಕೋತೀನಿ."

ಮೊದಲಿನ ಮೆತ್ತನೆಯ ಕೈ ಅಲ್ಲ ಅದು. ಬೆನ್ನು ಹಿಡಿದುಕೊಂಡು, ನರಳುತ್ತಾ, ಸಿಕ್ಕು ಬಿಡಿಸಲು ಜಗ್ಗಿದ ಏಟಿಗೆ ನನ್ನ ಕಣ್ಣಲ್ಲಿ ನೀರು ಬಂತು.

"ನೋಯುತ್ತೆ ಅತ್ತೆ."

"ನಂಗೂ ನೋಯುತ್ತೆ. ಸುಮ್ನೆ ಕೂತ್ಕೋ."

ಕೂತೆ.